ಅಂದದ ಕೋಳಿಯೂ ಬೇಲಿಯಾಚೆಯ ಹಿಂಡೂ

ಕೆಲವು ವರ್ಷಗಳಿಂದೀಚೆಗೆ ನಮ್ಮ ಮಲೆನಾಡಿನ ಹಿತ್ತಲುಗಳಲ್ಲಿ ಹೊಸ ಬಗೆಯ ಕೋಳಿಗಳು ಕಾಣಿಸಿಕೊಳ್ಳತೊಡಗಿವೆ. ಬೆಕ್ಕಿನ ಮೈಯ ತುಪ್ಪಳದಂಥ ಪುಕ್ಕವುಳ್ಳ ಸಿಲ್ಕಿ, ತಲೆಯ ಮೇಲೆ ಸೇವಂತಿಗೆಯಂತೆ ಗರಿಗಳನ್ನು ಅರಳಿಸಿಕೊಂಡ ಪೋಲಿಷ್, ಪಾದದವರೆಗೂ ಗರಿಯ ಷರಾಯಿ ತೊಟ್ಟಂತೆ ನಡೆಯುವ ಕೊಚ್ಚಿನ್ ಮತ್ತು ಬ್ರಹ್ಮ, ಅಂಗೈಯ ಮೇಲೆ ನಿಲ್ಲಿಸಬಹುದಾದಷ್ಟು ಪುಟ್ಟದಾದ ಬಾಂಟಂ. ಮಾರುವವರು ಇವೆಲ್ಲವನ್ನೂ ‘ಫ್ಯಾನ್ಸಿ ಕೋಳಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಮೊಬೈಲಿನಲ್ಲಿ ಚಿತ್ರ ನೋಡಿ ಮನಸೋತು, ಪೇಟೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಸಿ ತಂದು, ಅದೇ ಸಂಜೆ ಹಿತ್ತಲಿನ ನಾಟಿ ಕೋಳಿಗಳ ನಡುವೆ ಬಿಟ್ಟುಬಿಡುವ ರೂಢಿ ಬೆಳೆಯುತ್ತಿದೆ. ಈ ರೂಢಿಯ ಕುರಿತು ನನ್ನ ಅನಿಸಿಕೆಗಳನ್ನು ಓದುಗ ಮಿತ್ರರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲೇ ಸ್ಪಷ್ಟಪಡಿಸುತ್ತೇನೆ. ಅಂದದ ಕೋಳಿಯನ್ನು ಸಾಕುವುದು ತಪ್ಪೆಂದು ನಾನು ಹೇಳಲಾರೆ. ನಮ್ಮ ಮನೆಯಲ್ಲೇ ಎರಡು ಸಿಲ್ಕಿ ಹೇಂಟೆಗಳಿವೆ. ಮೊಮ್ಮಗಳಿಗೆ ಅವುಗಳ ಮೇಲೆ ಬಲು ಪ್ರೀತಿ. ನನ್ನ ತಕರಾರು ಅವುಗಳನ್ನು ತಂದು ಸೇರಿಸುವ ಬಗೆಯ ಕುರಿತಾದುದು. ಹಳ್ಳಿಯಲ್ಲಿ ಹಿತ್ತಲ ಕೋಳಿ ಒಂದೊಂದು ಮನೆಯ ಸ್ವತ್ತೆಂದು ತೋರಿದರೂ ನಿಜದಲ್ಲಿ ಅದು ಇಡೀ ಕೇರಿಯ ಹಿಂಡಿನ ಒಂದು ಪಾಲು. ಹಗಲಿಡೀ ಅವು ಬೇಲಿ ನುಸುಳಿ ಹತ್ತು ಮನೆಯ ಗೊಬ್ಬರದ ಗುಂಡಿ ಕೆದಕುತ್ತವೆ, ಒಂದೇ ಕಾಲುವೆಯ ನೀರು ಕುಡಿಯುತ್ತವೆ. ಒಬ್ಬರ ಹುಂಜ ಇನ್ನೊಬ್ಬರ ಹೇಂಟೆಯೊಡನೆ ಕೂಡುತ್ತದೆ. ಹೀಗಿರುವಾಗ ನಾವು ನಮ್ಮ ಹಿತ್ತಲಿಗೆಂದು ತಂದದ್ದು ಕೇರಿಗೂ ಬಂದಂತೆಯೇ. ಆ ಹೊಣೆಯನ್ನು ಅರಿತು ತರಬೇಕೆಂಬುದಷ್ಟೇ ನನ್ನ ವಾದ.

ಅಂದದ ಕೋಳಿಗಳ ಮೋಹ ನಮ್ಮ ಕಾಲದ್ದೇನೂ ಅಲ್ಲ. 1840ರ ದಶಕದಲ್ಲಿ ಚೀನಾದಿಂದ ಬಂದ ದಪ್ಪ ಗರಿಯ ದೊಡ್ಡ ಕೋಳಿಗಳು ವಿಕ್ಟೋರಿಯಾ ರಾಣಿಯ ಕೋಳಿಮನೆಯನ್ನು ಸೇರಿದ ಮೇಲೆ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಜನ ಅವುಗಳಿಗಾಗಿ ಮುಗಿಬಿದ್ದರು. ಅಮೆರಿಕದ ಜಾರ್ಜ್ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿ 1852ರಲ್ಲಿ ಬ್ರಹ್ಮ ತಳಿಯ ಕೋಳಿಗಳನ್ನು ರಾಣಿಗೆ ಕಾಣಿಕೆಯಾಗಿ ಕಳಿಸಿ ತನ್ನ ಮಾಲಿಗೆ ಬೆಲೆ ಏರಿಸಿಕೊಂಡ. ಅದೇ ಮನುಷ್ಯ 1855ರಲ್ಲಿ ಆ ಹುಚ್ಚನ್ನು ‘ಕೋಳಿ ಜ್ವರ’ ಎಂದು ಕರೆದು, ಅದರ ಇತಿಹಾಸವೆಂಬಂತೆ ಒಂದು ಗೇಲಿಯ ಪುಸ್ತಕವನ್ನೂ ಬರೆದ. ಬೆಲೆ ಏರಿದಷ್ಟೇ ಬೇಗ ಇಳಿದಿತ್ತು. ಕೈ ಸುಟ್ಟುಕೊಂಡವರು ಕೊಂಡವರೇ.

ಹೆಸರುಗಳ ಕಥೆಯೂ ಸ್ವಾರಸ್ಯಕರ. ಕೊಚ್ಚಿನ್ ಕೋಳಿಗೂ ಕೇರಳದ ಕೊಚ್ಚಿಗೂ ಸಂಬಂಧವಿಲ್ಲ. ಅದು ಶಾಂಘಾಯ್ ಕಡೆಯಿಂದ ಬಂದದ್ದು. ಬ್ರಹ್ಮ ಎಂಬುದು ನಮ್ಮ ಬ್ರಹ್ಮಪುತ್ರಾ ನದಿಯ ಹೆಸರಿನ ತುಂಡು. ಆದರೆ ಆ ತಳಿ ಈಗಿನ ರೂಪ ತಳೆದದ್ದು ಅಮೆರಿಕದಲ್ಲಿ. ಬಾಂಟಂ ಎಂಬುದು ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಬಂದ ಹೆಸರು. ಇನ್ನು ‘ನಮ್ಮದು’ ಎಂದು ನಾವು ಹೇಳಿಕೊಳ್ಳುವ ನಾಟಿ ಕೋಳಿಯ ಮೂಲವಾದರೂ ಏನು? ಸಾಕುಕೋಳಿಯ ಪೂರ್ವಜ ಕೆಂಪು ಕಾಡುಕೋಳಿಯೆಂದು ಡಾರ್ವಿನ್ 1868ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ಹಲವು ಸಾಕುಕೋಳಿಗಳ ಹಳದಿ ಚರ್ಮದ ಗುಣ ಮಾತ್ರ ನಮ್ಮ ದಕ್ಷಿಣದ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರ ವಂಶವಾಹಿ ಅಧ್ಯಯನ ತೋರಿಸಿತು. ಅಂದರೆ ಕೋಳಿಯೆಂಬುದೇ ಬೆರಕೆಯ, ಅಲೆಮಾರಿ ಜೀವ. ಆದುದರಿಂದ ‘ಪರದೇಶದ ತಳಿ ಬೇಡ’ ಎಂಬ ಮಡಿವಂತಿಕೆಯ ಮಾತಿಗೆ ಇಲ್ಲಿ ಅರ್ಥವಿಲ್ಲ.

ಹಾಗಾದರೆ ತೊಡಕೇನು? ಮೊದಲನೆಯದು ಆ ಕೋಳಿಯ ಪಾಡು. ನಾವು ಯಾವುದನ್ನು ಅಂದವೆನ್ನುತ್ತೇವೆಯೋ ಅದು ಬಹುಪಾಲು ಆ ಜೀವಕ್ಕೆ ಹೊರೆ. ಪೋಲಿಷ್ ಕೋಳಿಯ ಜುಟ್ಟಿನ ಗರಿ ಕಣ್ಣಿನ ಮೇಲೆ ಇಳಿದು ನೋಟವನ್ನು ಮರೆಮಾಡುತ್ತದೆ. ಆಕಾಶದಲ್ಲಿ ಗಿಡುಗ ಸುತ್ತಿದರೆ ನಾಟಿ ಹೇಂಟೆ ಕೂಗಿ ಎಚ್ಚರಿಸಿ ಮರಿಗಳೊಡನೆ ಲಂಟಾನದ ಪೊದೆ ಸೇರುತ್ತದೆ; ಪೋಲಿಷ್ ಅಂಗಳದ ನಡುವೆ ಕತ್ತು ಅಲ್ಲಾಡಿಸುತ್ತ ನಿಂತಿರುತ್ತದೆ. ಅದರ ತಲೆಬುರುಡೆ ಜುಟ್ಟಿನ ಕೆಳಗೆ ಗುಮ್ಮಟದಂತೆ ಉಬ್ಬಿದ್ದು, ಎಷ್ಟೋ ಕೋಳಿಗಳಲ್ಲಿ ಅಲ್ಲಿನ ಎಲುಬು ಪೂರ್ತಿ ಕೂಡಿಕೊಂಡಿರುವುದಿಲ್ಲ. ಬೇರೆ ಕೋಳಿ ತಲೆಗೆ ಬಲವಾಗಿ ಕುಕ್ಕಿದರೆ ಪ್ರಾಣಕ್ಕೇ ಅಪಾಯ. ಸಿಲ್ಕಿಯ ಪುಕ್ಕದಲ್ಲಿ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಸೂಕ್ಷ್ಮ ಕೊಕ್ಕೆಗಳಿಲ್ಲ. ಆದ್ದರಿಂದ ಅದು ಹಾರಲಾರದು. ಮಳೆಯ ನೀರು ಜಾರಿಹೋಗದೆ ನೇರವಾಗಿ ಚರ್ಮಕ್ಕಿಳಿಯುತ್ತದೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದ ನಮ್ಮ ಸೀಮೆಯಲ್ಲಿ ಇದರ ಪರಿಣಾಮವೇನೆಂದು ಬಿಡಿಸಿ ಹೇಳಬೇಕಿಲ್ಲ. ಕೊಚ್ಚಿನ್ ಮತ್ತು ಬ್ರಹ್ಮಗಳ ಕಾಲಿನ ಗರಿಗೆ ಕೆಸರು ಮೆತ್ತಿ ಒಣಗಿ ಉಂಡೆಗಟ್ಟುತ್ತದೆ. ಆ ಗರಿಯ ಮರೆಯಲ್ಲಿ ಹುರುಪೆಗಾಲು ಬರಿಸುವ ನುಸಿ ಸೇರಿಕೊಂಡರೆ ಬೇಗನೆ ಕಣ್ಣಿಗೂ ಬೀಳದು. ಕೋಳಿಯನ್ನು ಕೇಳಿ ಮಸಾಲೆ ಅರೆಯುವರೇ ಎಂಬ ಗಾದೆಯುಂಟು. ಕೋಳಿಯನ್ನು ಕೇಳಿ ಅದಕ್ಕೆ ಜುಟ್ಟು ಕಟ್ಟಿದವರೂ ಯಾರಿಲ್ಲ. ನಮ್ಮ ಕಣ್ಣಿನ ಸುಖಕ್ಕಾಗಿ ರೂಪಿಸಿದ ಜೀವಕ್ಕೆ ಒಣಗಿದ ನೆಲ, ಮಾಡು ಇರುವ ಗೂಡು, ಬಲೆಯ ಕಾವಲು ಇವಿಷ್ಟನ್ನಾದರೂ ನಾವು ಕೊಡಬೇಡವೇ?

ಎರಡನೆಯದು, ಬೇಲಿಯಾಚೆಯವರ ಪಾಡು. ನಾಟಿ ಕೋಳಿಯನ್ನು ಈಚೆಗೆ ನಾವು ರುಚಿಯ ಮಾತಾಗಿ, ಹೋಟೆಲಿನ ಫಲಕದ ಮಾತಾಗಿ ಮಾತ್ರ ಬಲ್ಲೆವು. ಕೂಲಿ ಮಾಡುವ ಮನೆಯೊಂದರಲ್ಲಿ ಅದರ ಸ್ಥಾನವೇ ಬೇರೆ. ಒಂದು ಹಿಡಿ ನುಚ್ಚು, ಅಡುಗೆಮನೆಯ ಮಿಕ್ಕ ಪದಾರ್ಥ, ತಾನೇ ಕೆದಕಿ ತಿಂದ ಗೆದ್ದಲು ಮತ್ತು ಹುಳು, ಇಷ್ಟರಲ್ಲೇ ಅದು ಬದುಕುತ್ತದೆ. ಮಣ್ಣಿನ ಬಣ್ಣದ ಮೈಯಿಂದ ಹದ್ದಿನ ಕಣ್ಣು ತಪ್ಪಿಸುತ್ತದೆ. ಹನ್ನೆರಡೋ ಹದಿನೈದೋ ಮೊಟ್ಟೆಯಿಟ್ಟು ಇಪ್ಪತ್ತೊಂದು ದಿನ ತಾನೇ ಕಾವು ಕೂತು ಮರಿ ಮಾಡಿ, ಮುಂಗುಸಿಗೂ ಕಾಗೆಗೂ ಎದುರು ನಿಂತು ಮರಿಗಳನ್ನು ಬೆಳೆಸುತ್ತದೆ. ಬಂಡವಾಳವೇ ಇಲ್ಲದ ಮನೆಗೆ ಅದೊಂದು ಉಳಿತಾಯದ ಖಾತೆ. ಮಗುವಿಗೆ ಜ್ವರ ಬಂದರೆ ಒಂದು ಹುಂಜ, ಶಾಲೆ ತೆರೆಯುವ ಜೂನ್ ತಿಂಗಳಿಗೆ ನಾಲ್ಕು ಹೇಂಟೆ ಮಾರಾಟವಾಗುತ್ತವೆ. ಮೇಷ್ಟರಾಗಿ ಕೆಲಸ ಮಾಡಿದ ವರ್ಷಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಪುಸ್ತಕ, ಸಮವಸ್ತ್ರಗಳು ಹೀಗೆ ತಾಯಂದಿರ ಕೋಳಿಯ ದುಡ್ಡಿನಿಂದಲೇ ಬಂದದ್ದನ್ನು ನಾನು ಬಲ್ಲೆ.

2019ರ ಬೇಸಗೆಯಲ್ಲಿ ನಮ್ಮ ಕೇರಿಯಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಅನುಕೂಲಸ್ಥರ ಮನೆಯೊಂದಕ್ಕೆ ಸಂತೆಯಿಂದ ಆರು ಅಂದದ ಕೋಳಿಗಳು ಬಂದವು. ಬಂದ ದಿನವೇ ಅವುಗಳನ್ನು ಹಿತ್ತಲಿಗೆ ಬಿಟ್ಟರು. ವಾರದೊಳಗೆ ಅವುಗಳಲ್ಲಿ ಎರಡು ತೂಕಡಿಸತೊಡಗಿದವು. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಆಮೇಲೆ ಕತ್ತು ತಿರುಚಿಕೊಂಡು ಬೀಳುವುದು. ಅನಂತರ ಆ ಮನೆಯ ನಾಟಿ ಕೋಳಿಗಳು, ಅನಂತರ ಬೇಲಿಯಾಚೆಯವು. ಪಶುವೈದ್ಯರು ನೋಡಿದೊಡನೆಯೇ ರಾಣಿಖೇತ್ ಎಂದರು. ಹಳ್ಳಿಯ ಮಾತಿನಲ್ಲಿ ಕೊಕ್ಕರೆ ರೋಗ. ಹದಿನೈದು ದಿನಗಳಲ್ಲಿ ಐದು ಮನೆಗಳ ಗೂಡು ಖಾಲಿಯಾಯಿತು. ಸಂತೆಯಿಂದ ತಂದವರು ಬೇಸರಪಟ್ಟುಕೊಂಡರು, ಮುಂದಿನ ವರ್ಷ ಬೇರೆ ತಂದರು. ಅಡಿಕೆ ಸುಲಿಯಲು ಹೋಗಿ ಮಗಳನ್ನು ಓದಿಸುತ್ತಿದ್ದ ನೆರೆಯ ಹೆಂಗಸು ಹದಿನೆಂಟು ಕೋಳಿಗಳನ್ನು ಗುಂಡಿಯಲ್ಲಿ ಹೂತು, ನನ್ನನ್ನು ಕೇಳಿದ್ದು ಒಂದೇ ಮಾತು: “ಈ ಸಲ ಜೂನ್‌ಗೆ ಏನ್ ಮಾಡೋದು ಮೇಷ್ಟ್ರೇ?”

ರಾಣಿಖೇತ್ ರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯುಂಟು. ಮರಿಗೆ ಐದರಿಂದ ಏಳನೆಯ ದಿನದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಸುಮಾರು ಎಂಟನೆಯ ವಾರದಲ್ಲಿ ಚುಚ್ಚುಮದ್ದು. ಆದರೆ ಲಸಿಕೆಯ ಸೀಸೆಯೊಂದು ನೂರಾರು ಕೋಳಿಗಳಿಗೆ ಸಾಲುವಷ್ಟಿರುತ್ತದೆ. ಬೆರೆಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಎಂಟು ಕೋಳಿ ಸಾಕುವ ಬಡವರು ಒಬ್ಬೊಬ್ಬರೇ ಅದನ್ನು ಕೊಂಡು ತರುವುದು ಹೇಗೆ? ಕೇರಿಯವರೆಲ್ಲ ಸೇರಿದರೆ ಮಾತ್ರ ಸಾಧ್ಯ. ಆ ಪುಟ್ಟ ಸೀಸೆಯೇ ನನ್ನ ವಾದವನ್ನು ಸಾರುತ್ತದೆ: ಹಿತ್ತಲ ಕೋಳಿಯ ಆರೋಗ್ಯ ಒಬ್ಬೊಬ್ಬರದಾಗಿ ಇರಲಾರದು. ಹಕ್ಕಿಜ್ವರದ ವಿಷಯದಲ್ಲಂತೂ ಸರ್ಕಾರದ ನಿಯಮವೇ ಇದನ್ನು ಹೇಳುತ್ತದೆ. ರೋಗ ದೃಢಪಟ್ಟ ಸ್ಥಳದ ಸುತ್ತ 1 ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನೆಲ್ಲ ಕೊಲ್ಲಲಾಗುತ್ತದೆ. ಯಾರ ಮನೆಯದು ಎಂದು ನೋಡುವುದಿಲ್ಲ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡ ಆ ರೋಗ 2012ರಲ್ಲಿ ನಮ್ಮ ಹೆಸರಘಟ್ಟಕ್ಕೂ ಬಂದಿತ್ತು.

ಮೂರನೆಯ ವಿಷಯ ಸಂತಾನದ್ದು. ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು ತೋರಿಸಲು ವಿಲಿಯಂ ಬೇಟ್ಸನ್ 1902ರಲ್ಲಿ ಆರಿಸಿಕೊಂಡದ್ದು ಕೋಳಿಯ ಜುಟ್ಟಿನ ಆಕಾರವನ್ನು. ಹತ್ತನೆಯ ತರಗತಿಯ ಮಕ್ಕಳಿಗೆ ಈ ಪಾಠ ಹೇಳುವಾಗ ನಾನು ಕೇರಿಯ ಹುಂಜಗಳನ್ನೇ ಉದಾಹರಿಸುತ್ತಿದ್ದೆ. ಅಡಗಿರುವ ಗುಣ ಕಾಣುವುದಿಲ್ಲ, ಆದರೆ ಇಲ್ಲವಾಗುವುದಿಲ್ಲ ಎಂಬುದೇ ಆ ಪಾಠದ ತಿರುಳು. ಸಿಲ್ಕಿ ಹುಂಜ ನಾಟಿ ಹೇಂಟೆಯೊಡನೆ ಕೂಡಿದರೆ ಹುಟ್ಟುವ ಮರಿಗಳ ಗರಿ ಮಾಮೂಲಾಗಿಯೇ ಇರುತ್ತದೆ. ಸಾಕಿದವರು ಏನೂ ಆಗಲಿಲ್ಲವೆಂದು ಸುಮ್ಮನಾಗುತ್ತಾರೆ. ಆ ಮರಿಗಳು ಬೆಳೆದು ತಮ್ಮತಮ್ಮಲ್ಲಿ ಕೂಡಿದಾಗ ಮಳೆ ತಡೆಯದ ಪುಕ್ಕ ಮತ್ತೆ ಹೊರಬೀಳುತ್ತದೆ. ಅದೂ ಮಾಡಿಲ್ಲದ ಗೂಡಿನ ಮನೆಯಲ್ಲಿ. ಗಿಡ್ಡ ಕಾಲಿನ ಜಪಾನಿ ಬಾಂಟಂನ ಕಥೆ ಇನ್ನೂ ಕಠೋರ. ತಂದೆತಾಯಿಗಳೆರಡೂ ಗಿಡ್ಡ ಕಾಲಿನವಾದರೆ ಸುಮಾರು ಕಾಲುಭಾಗ ಭ್ರೂಣಗಳು ಮೊಟ್ಟೆಯೊಳಗೇ ಸಾಯುತ್ತವೆ. ಕಾವು ಕೂತ ಹೇಂಟೆಯ ಕೆಳಗೆ ಮೊಟ್ಟೆಗಳು ಏಕೆ ಕೆಟ್ಟವೆಂದು ಅರಿಯದೆ ಬೇಲಿಯಾಚೆಯ ಮನೆಯವರು ದೃಷ್ಟಿ ತಾಕಿತೆಂದುಕೊಳ್ಳುತ್ತಾರೆ.

ಇದನ್ನೆಲ್ಲ ತಡೆಯುವುದು ಕಷ್ಟವೇ? ಖಂಡಿತ ಅಲ್ಲ. ಕ್ರಮಗಳು ಸರಳ, ಖರ್ಚೂ ಕಡಿಮೆ; ಬೇಕಾದುದು ತಾಳ್ಮೆ.

ಹೊಸ ಕೋಳಿಯನ್ನು 30 ದಿನ ಹಿಂಡಿನಿಂದ ದೂರವಿಡಬೇಕು. ಹಳೆಯ ಬಿದಿರಿನ ಕುಕ್ಕೆಯಾಗಲಿ ಅಡಿಕೆ ದಬ್ಬೆಯ ಒಂದು ಸಣ್ಣ ಒಡ್ಡಿಯಾಗಲಿ ಸಾಕು. ಆದರೆ ಹಿತ್ತಲಿನ ಮತ್ತೊಂದು ಮೂಲೆಯಲ್ಲಿ, ಗಾಳಿ ಹಳೆಯ ಗೂಡಿನ ಕಡೆಗೆ ಬೀಸದ ಜಾಗದಲ್ಲಿ. ನೀರಿನ ಬಟ್ಟಲು ಬೇರೆ. ಮೊದಲು ಹಳೆಯ ಕೋಳಿಗಳಿಗೆ ಕಾಳು ಹಾಕಿ ಆಮೇಲೆ ಹೊಸವುಗಳ ಬಳಿ ಹೋಗಬೇಕು, ಕೈಕಾಲು ತೊಳೆಯಬೇಕು. ಹಳೆಯ ಹಿಂಡಿಗೆ ಹೊಸ ಕೋಳಿ ಬರುವ ಮೊದಲೇ ಲಸಿಕೆ ಆಗಿರಬೇಕು. ಹೊರನೋಟಕ್ಕೆ ಗುಣವಾದ ಕೋಳಿಯೂ ನೆಗಡಿ, ಗೊರಕೆಯಂಥ ಕೆಲವು ರೋಗಗಳನ್ನು ಮೈಯಲ್ಲಿ ಹೊತ್ತಿರಬಲ್ಲದು. ಆದ್ದರಿಂದ ಮಾರುವವರನ್ನು ಲಸಿಕೆಯ ವಿಷಯ ಕೇಳಿಯೇ ಕೊಳ್ಳಬೇಕು. ಮಾರೆಕ್ಸ್ ರೋಗದ ಲಸಿಕೆಯನ್ನಂತೂ ಮರಿ ಒಡೆದ ಮೊದಲ ದಿನವೇ ಹಾಕಿರಬೇಕು. ನಾವು ತಂದ ಮೇಲೆ ಹಾಕಿ ಪ್ರಯೋಜನವಿಲ್ಲ.

ತಿಂಗಳು ಕಳೆದ ಮೇಲೂ ಒಮ್ಮೆಗೇ ಬೆರೆಸಬಾರದು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲುಕೀಳಿನ ವ್ಯವಸ್ಥೆಯೊಂದಿದೆ. ನಾರ್ವೆಯ ಶೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸರು ಬಾಲ್ಯದಿಂದಲೂ ಕೋಳಿಗಳನ್ನು ನೋಡುತ್ತ ಬೆಳೆದು, 1920ರ ದಶಕದ ಆರಂಭದಲ್ಲಿ ಇದನ್ನು ಮೊದಲಿಗೆ ಶಾಸ್ತ್ರೀಯವಾಗಿ ವಿವರಿಸಿದರು. ಹೊಸಬರು ಬಂದಾಗ ಈ ವ್ಯವಸ್ಥೆ ಕದಡಿ ಮತ್ತೆ ಕಟ್ಟಿಕೊಳ್ಳಬೇಕಾಗುತ್ತದೆ. ಆ ಜಗಳದಲ್ಲಿ ಕಣ್ಣು ಮರೆಯಾದ, ಹಾರಲಾರದ ಅಂದದ ಕೋಳಿಯೇ ಸೋಲುವುದು. ಆದ್ದರಿಂದ ಒಂದೆರಡು ವಾರ ನಡುವೆ ತಂತಿಬಲೆ ಕಟ್ಟಿ, ನೋಡಲು ಬಿಟ್ಟು ಕುಕ್ಕಲು ಬಿಡಬಾರದು. ಒಂಟಿ ಕೋಳಿಯನ್ನು ಸೇರಿಸದೆ ಎರಡು ಮೂರನ್ನು ಒಟ್ಟಿಗೆ ಸೇರಿಸಬೇಕು. ಕಾಳು ನೀರುಗಳನ್ನು ಎರಡು ಮೂರು ಕಡೆ ಇಡಬೇಕು. ಪೋಲಿಷ್ ಕೋಳಿಯ ಕಣ್ಣಿನ ಮುಂದಿನ ಗರಿಯನ್ನು ಕತ್ತರಿಯಿಂದ ಮೊಟಕು ಮಾಡಿದರೆ ಅಂದ ಸ್ವಲ್ಪ ಕೆಡಬಹುದು, ಕಣ್ಣು ಕಾಣುತ್ತದೆ. ರಕ್ತ ಬಂದ ಕೋಳಿಯನ್ನು ಒಡನೆಯೇ ಬೇರ್ಪಡಿಸಬೇಕು. ರಕ್ತ ಕಂಡರೆ ಉಳಿದವು ಬಿಡುವುದಿಲ್ಲ.

ಹುಂಜದ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಿನದು. ಬೇಲಿಯಿಲ್ಲದ ಹಿತ್ತಲಿಗೆ ಅಂದದ ಹುಂಜವನ್ನು ಬಿಡಲೇಬಾರದು, ಹೇಂಟೆಗಳನ್ನಷ್ಟೇ ತನ್ನಿ. ಹುಂಜ ಬೇಕೇ ಬೇಕೆಂದರೆ ಅದಕ್ಕೂ ಅದರ ಹೇಂಟೆಗಳಿಗೂ ಬಲೆಯ ಗೂಡು ಕಟ್ಟಿ. ಒಮ್ಮೆ ಕೂಡಿದ ಹೇಂಟೆ ಎರಡು ಮೂರು ವಾರಗಳವರೆಗೂ ಫಲಿತ ಮೊಟ್ಟೆ ಇಡಬಲ್ಲದು. ಬೇರೆ ಹುಂಜದ ಜೊತೆಗಿದ್ದ ಹೇಂಟೆಯ ಮೊಟ್ಟೆಯನ್ನು ಅಷ್ಟು ದಿನ ಕಾವಿಗಿಡದೆ ಅಡುಗೆಗೆ ಬಳಸಿದರೆ ತಳಿ ಕೆಡದು.

ಇಷ್ಟು ಮಾಡಿದರೆ ಅಂದದ ಕೋಳಿ ಕೇರಿಗೆ ಉಪಕಾರಿಯೂ ಆಗಬಲ್ಲದು. ಸಿಲ್ಕಿ ಹೇಂಟೆಯಷ್ಟು ನಿಷ್ಠೆಯಿಂದ ಕಾವು ಕೂರುವ ಕೋಳಿ ಅಪರೂಪ. ಬಾತಿನ ಮೊಟ್ಟೆಯನ್ನಿಟ್ಟರೂ ತನ್ನದೆಂದೇ ಕೂರುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹಿತ್ತಲಿಗೆ ಒಗ್ಗಿದ ಒಳ್ಳೆಯ ತಳಿಯಾದರೂ ಕಾವು ಕೂರುವುದರಲ್ಲಿ ನಾಟಿಯ ಸಮಕ್ಕೆ ಬಾರದು. ನಮ್ಮ ಮನೆಯ ಸಿಲ್ಕಿಗಳು ನೆರೆಮನೆಯ ಗಿರಿರಾಜದ ಮೊಟ್ಟೆಗಳಿಗೆ ಎರಡು ಬಾರಿ ಸಾಕುತಾಯಿಯಾಗಿವೆ.

ನನ್ನ ಮಾತಿಗೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. “ನಮ್ಮ ದುಡ್ಡು, ನಮ್ಮ ಹಿತ್ತಲು, ನೆರೆಯವರು ತಮ್ಮ ಕೋಳಿಯನ್ನು ಕಟ್ಟಿಹಾಕಲಿ” ಎನ್ನುವವರುಂಟು. ಬಲೆ ಕಟ್ಟಲು ಶಕ್ತಿಯಿರುವುದು ಸಾವಿರಾರು ರೂಪಾಯಿ ಕೊಟ್ಟು ಕೋಳಿ ತಂದವರಿಗೋ, ಕೆದಕಿ ತಿನ್ನುವ ಕೋಳಿಯನ್ನೇ ನಂಬಿದವರಿಗೋ? ಷೋಕಿ ಯಾರದೋ ಖರ್ಚೂ ಅವರದೇ ಆಗಬೇಕಾದುದು ನ್ಯಾಯ. ಮತ್ತೆ ಕೆಲವರು, “ನಾಟಿ ಕೋಳಿಗೂ ರೋಗ ಬರುತ್ತದೆ, ಅಂದದ ಕೋಳಿಯನ್ನೇ ಏಕೆ ದೂರುವಿರಿ?” ಎನ್ನುತ್ತಾರೆ. ಮಾತು ನಿಜ. ಸಂತೆಯಿಂದ ತಂದ ನಾಟಿ ಹೇಂಟೆಯನ್ನೂ ತಿಂಗಳ ಕಾಲ ಬೇರೆಯಿಡಬೇಕಾದುದೇ. ಆದರೆ ಅಂದದ ಕೋಳಿ ಕೈಯಿಂದ ಕೈಗೆ, ಊರಿಂದ ಊರಿಗೆ, ಸಂತೆಯಿಂದ ಸಂತೆಗೆ ದಾಟಿ ಬಂದಿರುತ್ತದೆ. ದಾರಿ ಉದ್ದವಾದಷ್ಟೂ ಅದು ಹೊತ್ತು ತರುವುದೂ ಹೆಚ್ಚು.

ಸೌಂದರ್ಯಪ್ರೀತಿ ಸಹಜ. ಗರಿಯ ಬಣ್ಣಕ್ಕೆ ಮರುಳಾಗುವ ಮಗುವನ್ನು ಗದರಿಸುವುದು ಬೇಡ. ಆ ಮಗುವಿಗೆ ಮೂವತ್ತು ದಿನ ಕಾಯುವುದನ್ನೂ ಕಲಿಸೋಣ. ನಿಮ್ಮ ಮನೆಗೂ ಇಂಥ ಕೋಳಿ ತರುವ ಮನಸ್ಸಿದ್ದರೆ ಮೊದಲು ಪಶು ಆಸ್ಪತ್ರೆಯಲ್ಲಿ ಲಸಿಕೆ ಇರುವ ದಿನವನ್ನು ವಿಚಾರಿಸಿ. ಬೇಲಿಯಾಚೆಯ ಮನೆಗಳಿಗೆ ಹೋಗಿ, “ನಿಮ್ಮ ಕೋಳಿಗಳನ್ನೂ ಆ ದಿನ ಹಿಡಿದಿಟ್ಟಿರಿ, ಸೀಸೆಯ ದುಡ್ಡು ನಾನು ಕೊಡುತ್ತೇನೆ” ಎಂದು ಹೇಳಿ ಬನ್ನಿ. ಕೋಳಿಯ ಪೆಟ್ಟಿಗೆ ಅದಾದ ಮೇಲೆ ಬರಲಿ.